ಪದಚರ್ಚೆ: ಅಡ್ಡ ಕೊಳವೆಯ ಹರಿವಿನಲ್ಲಿ ‘ಪ್ಲಗ್’, ‘ಸ್ಲಗ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಅಡ್ಡ ಕೊಳವೆಯಲ್ಲಿ ಗಾಳಿ, ನೀರು ಒಟ್ಟಿಗೆ ಹರಿಯುವ ಬಗೆಗಳನ್ನು ಗುರುತಿಸುವ ನಕ್ಷೆಗೆ ಕನ್ನಡ ಹೆಸರು ಹಾಕಬೇಕು. ನಾಳೆ ಅಚ್ಚಿಗೆ ಹೋಗುತ್ತದೆ. 1974ರಲ್ಲಿ ಮಂಧಾನೆ ಮತ್ತು ಸಂಗಡಿಗರು ಪ್ರಕಟಿಸಿದ ನಕ್ಷೆಯೇ ಮಾದರಿ. ಒಂದು ಅಕ್ಷ ಗಾಳಿಗೆ, ಇನ್ನೊಂದು ನೀರಿಗೆ; ಎರಡಕ್ಕೂ ‘ಮೇಲ್ಮೈ ವೇಗ’ (ಸೂಪರ್‌ಫಿಶಿಯಲ್ ವೆಲಾಸಿಟಿ) ಅಂತ ಬರೆದಿದ್ದೇನೆ. ಒಳಗೆ ಹರಿವಿನ ಬಗೆಗಳಿಗೆ ‘ಸ್ತರೀಯ’ (ಸ್ಟ್ರಾಟಿಫೈಡ್), ‘ವಲಯಾಕಾರ’ (ಆನ್ಯುಲರ್). ಪ್ಲಗ್, ಸ್ಲಗ್ ಎರಡಕ್ಕೂ ‘ಬಿರಡೆ’ ಸಾಕಾ? ಒಬ್ಬರು ಸ್ಲಗ್‌ಗೆ ‘ಮಂದ ಹರಿವು’ ಅಂದರು.

*

‘ಮಂದ’ ಬೇಡವೇ ಬೇಡ. ಸ್ಲಗ್ಗಿಶ್ (ನಿಧಾನ, ಜಡ) ಅನ್ನುವ ಪದ ನೆನೆದು ಕಟ್ಟಿದ್ದು ಅದು, ಅರ್ಥ ತಲೆಕೆಳಗಾಗಿದೆ. ಸ್ಲಗ್‌ನಲ್ಲಿ ಅಲೆ ಎದ್ದು ಕೊಳವೆಯ ನೆತ್ತಿ ಮುಟ್ಟುತ್ತದೆ. ದಾರಿ ಮುಚ್ಚಿದ ನೀರನ್ನು ಹಿಂದಿನ ಗಾಳಿ ದಬ್ಬುತ್ತದೆ. ನೀರು ಗುಳ್ಳೆ ತುಂಬಿಕೊಂಡು ರಭಸವಾಗಿ ನುಗ್ಗುತ್ತದೆ, ತಿರುವಿನಲ್ಲಿ ಗುದ್ದುತ್ತದೆ, ಕೊಳವೆ ನಡುಗುತ್ತದೆ. ‘ಗುದ್ದು ಹರಿವು’ ಅನ್ನಿ.

ಪ್ಲಗ್ ಶಾಂತ. ಉದ್ದುದ್ದ ಗುಳ್ಳೆಗಳು ಕೊಳವೆಯ ಮೇಲ್ಭಾಗದಲ್ಲಿ ಸಾಗುತ್ತವೆ, ನಡುವಿನ ನೀರು ತಿಳಿಯಾಗಿರುತ್ತದೆ. ಇದಕ್ಕೆ ಮಾತ್ರ ‘ಬಿರಡೆ’.

‘ಮೇಲ್ಮೈ ವೇಗ’ ತಪ್ಪು. ಅದು ನೀರಿನ ಮೇಲ್ಮೈಯ ವೇಗವಲ್ಲ. ಆ ಒಂದು ದ್ರವವೋ ಅನಿಲವೋ ಇಡೀ ಕೊಳವೆಯಲ್ಲಿ ತಾನೊಂದೇ ಹರಿದಿದ್ದರೆ ಇರುತ್ತಿದ್ದ ವೇಗ. ‘ಒಂಟಿ ವೇಗ’ ಅಂದರೆ ಮುಗಿಯಿತು. ‘ಸ್ತರೀಯ’ವನ್ನೂ ಬಿಡಿ, ಕಲಕದೆ ನಯವಾಗಿ ಸಾಗುವ ಲ್ಯಾಮಿನಾರ್ ಹರಿವಿಗೆ ಆ ಪದ ಆಗಲೇ ಬಳಕೆಯಲ್ಲಿದೆ. ಇಲ್ಲಿ ಮೇಲೆ ಗಾಳಿ, ಕೆಳಗೆ ನೀರು, ಅಷ್ಟೇ. ‘ಪದರ ಹರಿವು’. ಅಲೆ ಎದ್ದರೆ ‘ಅಲೆಪದರ’. ‘ವಲಯಾಕಾರ’ದ ಬದಲು ‘ಬಳೆ ಹರಿವು’. ನೀರು ಗೋಡೆಗೆ ಅಂಟಿ ಬಳೆಯಾಗುತ್ತದೆ, ನಡುವೆ ಗಾಳಿ.

*

ಗುದ್ದು, ಒಂಟಿ ವೇಗ ಎರಡೂ ಒಪ್ಪಿಗೆ. ಬಳೆ ಒಪ್ಪಲ್ಲ. ಕಂಕಣ ಸೂರ್ಯಗ್ರಹಣ ಅಂತ ಎಲ್ಲರೂ ಅಂತಾರೆ, ಅದೂ ಇದೇ ಆಕಾರ ಅಲ್ವಾ? ‘ಕಂಕಣ ಹರಿವು’ ಅಂದರೆ ಓದುಗರಿಗೆ ತಕ್ಷಣ ಚಿತ್ರ ಬರುತ್ತದೆ. ಸಂಸ್ಕೃತ ಅನ್ನೋ ಒಂದೇ ಕಾರಣಕ್ಕೆ ಬಳಕೆಯ ಪದ ಕಿತ್ತು ಹಾಕಬೇಡಿ.

*

ಸಂಸ್ಕೃತದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗ್ರಹಣದ ಕಂಕಣ ಹೆಚ್ಚುಕಡಿಮೆ ಸುತ್ತಲೂ ಒಂದೇ ಅಗಲ. ಅಡ್ಡ ಕೊಳವೆಯಲ್ಲಿ ನೀರು ಭಾರಕ್ಕೆ ಕೆಳಗಿಳಿದು ತಳದಲ್ಲಿ ದಪ್ಪ, ಮೇಲೆ ತೆಳು. ‘ದಪ್ಪ ತಳದ ಬಳೆ’ ಅಂತ ಸಲೀಸಾಗಿ ಹೇಳಬಹುದು. ‘ಸ್ಥೂಲತಲ ಕಂಕಣ’ ಅಂತ ಯಾರು ಹೇಳ್ತಾರೆ?

*

ಇಬ್ಬರಿಗೂ ವಂದನೆ. ಬಳೆ, ಬಿರಡೆ, ಗುದ್ದು ಹಾಕುತ್ತಿದ್ದೇನೆ. ಅಕ್ಷಗಳನ್ನು ತಿದ್ದಿದೆ. ಕೊನೆಯದೊಂದು: ನೀರಿನ ತುಂಬ ಸಣ್ಣ ಗುಳ್ಳೆ ಚದುರಿರುವ ಬಗೆಗೆ ‘ಚದುರುಗುಳ್ಳೆ’ ನಡೆಯುತ್ತಾ?