ಅಪ್ಪ ಅಮ್ಮನನ್ನು ಸಿಡ್ನಿಯ ಕ್ಯಾರೇಜ್‌ವರ್ಕ್ಸ್‌ಗೆ ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ನಿಮ್ಮ ಬಡಾವಣೆಯ ಹೆಸರು ಹಾಕಿ ಹೇಳಿ

ವೆಸ್ಟ್‌ಮೀಡ್‌ನಿಂದ ಪ್ರಶ್ನೆ: ದಾವಣಗೆರೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಆಪರಾ ಹೌಸ್, ಬ್ಲೂ ಮೌಂಟನ್ಸ್ ಎಲ್ಲಾ ಆಯಿತು. ಈ ಶನಿವಾರ ಎವೆಲೀಯ ಕ್ಯಾರೇಜ್‌ವರ್ಕ್ಸ್ ನೋಡಿಸೋಣ ಅಂತಿದ್ದೇನೆ. ಹಳೇ ರೈಲು ಬೋಗಿ ಕಾರ್ಖಾನೆ, ಈಗ ಕಲಾ ಕೇಂದ್ರ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಆಗುವುದಿಲ್ಲ. ಕಾರಾ, ರೈಲಾ? ಅರ್ಧ ದಿನ ಸಾಕಾ?

ಬ್ಲ್ಯಾಕ್‌ಟೌನ್: ಕಾರಿನ ಮಾತೇ ಎತ್ತಬೇಡಿ. ಕ್ಯಾರೇಜ್‌ವರ್ಕ್ಸ್ ಇರುವ ವಿಲ್ಸನ್ ಸ್ಟ್ರೀಟಿನಲ್ಲಿ ಜಾಗಕ್ಕಾಗಿ ಸುತ್ತಿ ಸುತ್ತಿ ಸಾಕಾಯಿತು. ಕೊನೆಗೆ ಡಾರ್ಲಿಂಗ್ಟನ್ ಕಡೆ ಒಂದು ಗಲ್ಲಿಯಲ್ಲಿ ನಿಲ್ಲಿಸಿದೆವು. ಬೋರ್ಡಿನಲ್ಲಿ ಎರಡು ಗಂಟೆ ಅಂತಿತ್ತು. ಒಳಗೆ ನೃತ್ಯ ನಡೀತಿತ್ತು, ನಾವು ಸಾಲಿನ ನಡುವೆ ಕೂತಿದ್ದೆವು. ಮಧ್ಯೆ ಎದ್ದು ಬರೋಕಾಗುತ್ತಾ? ಬಂದು ನೋಡಿದರೆ ಗಾಜಿನ ಮೇಲೆ ಚೀಟಿ. ಹೋಗುವಾಗ ಟೋಲ್, ಬರುವಾಗ ಟೋಲ್, ಪೆಟ್ರೋಲ್, ಮೇಲೆ ಈ ದಂಡ. ಆ ದುಡ್ಡಿನಲ್ಲಿ ಮನೆಮಂದಿಯೆಲ್ಲಾ ಹೊಟ್ಟೆ ತುಂಬ ಊಟ ಮಾಡಬಹುದಿತ್ತು. ಮೇಲ್ಮನವಿ ಬರೆದೆ, ಫೋಟೋ ಕಳಿಸಿದೆ, ಒಪ್ಪಲಿಲ್ಲ. ಈಗಲೂ ನನ್ನದು ತಪ್ಪಿಲ್ಲ ಅಂತಲೇ ಹೇಳುತ್ತೇನೆ.

ಹ್ಯಾರಿಸ್ ಪಾರ್ಕ್: ರೈಲಿಗೇ ಹೋಗಿ. ನಾವು ಪ್ಯಾರಾಮಟ್ಟಾದಲ್ಲಿ ಹತ್ತಿ ನೇರವಾಗಿ ರೆಡ್‌ಫರ್ನ್ ನಿಲ್ದಾಣದಲ್ಲಿ ಇಳಿದೆವು, ಅಲ್ಲಿಂದ ನಡೆದೇ ಹೋಗಬಹುದು. ಖರ್ಚು ಬಿಡಿಸಿ ಹೇಳುತ್ತೇನೆ. ಶುಕ್ರ, ಶನಿ, ಭಾನುವಾರ ಟಿಕೆಟ್ ದುಡ್ಡಿಗೆ ದಿನದ ಮಿತಿ ಕಮ್ಮಿ. ದೊಡ್ಡವರಿಗೆ ತಲಾ ಹತ್ತು ಡಾಲರಿನ ಆಸುಪಾಸಿಗೆ ನಿಲ್ಲುತ್ತದೆ, ಆಮೇಲೆ ಎಷ್ಟು ಓಡಾಡಿದರೂ ಅಷ್ಟೇ. ಆದರೆ ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವ ಹಾಗಿಲ್ಲ. ನಮ್ಮ ಅತ್ತೆಯವರು ಊರಿನ ಡೆಬಿಟ್ ಕಾರ್ಡ್ ಟ್ಯಾಪ್ ಮಾಡಿದರು. ಬ್ಯಾಂಕಿನವರು ವಿದೇಶಿ ಶುಲ್ಕ ಬೇರೆ ಕತ್ತರಿಸಿದರು. ಅವರು ಊರಿಗೆ ಹೋಗುವವರೆಗೂ ಮನೆಯಲ್ಲಿ ಅದೇ ಮಾತು. ಅದಕ್ಕೇ ಎಲ್ಲರಿಗೂ ಒಂದೊಂದು ಓಪಲ್ ಕಾರ್ಡ್ (ಇಲ್ಲಿನ ರೈಲು, ಬಸ್ಸಿನ ಪ್ರಯಾಣ ಕಾರ್ಡ್) ತೆಗೆದುಕೊಡಿ. ಮತ್ತೆ, ವಾರಾಂತ್ಯ ಹಳಿ ಕೆಲಸ ಇದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ನಮಗೆ ವಾಪಸ್ ಬರುವಾಗ ರೈಲಿನ ಬದಲು ಬಸ್ಸು ಸಿಕ್ಕಿತು. ಮಗು ಅತ್ತೂ ಅತ್ತೂ ನಿದ್ದೆ ಹೋಯಿತು.

ಬ್ಲ್ಯಾಕ್‌ಟೌನ್: ರೈಲು ರೈಲು ಅಂತೀರಿ, ಕೊನೆಗೆ ಬಂದದ್ದು ಬಸ್ಸಿನಲ್ಲಿ ಅಲ್ವಾ? ಕಾರಿದ್ದಿದ್ದರೆ ಮಗು ಅಳುತ್ತಿರಲಿಲ್ಲ.

ಹ್ಯಾರಿಸ್ ಪಾರ್ಕ್: ನಮ್ಮ ಮಗುವಿನ ವಿಷಯ ನಿಮಗೆ ಬೇಡ ಸರ್. ದಂಡ ಕಟ್ಟಿದ ಸಿಟ್ಟು ನಮ್ಮ ಮೇಲೆ ಯಾಕೆ?

ಟೂಂಗ್ಯಾಬಿ: ಶನಿವಾರ ಅಂದರೆ ರೈತರ ಸಂತೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ, ಅದೇ ಹಳೇ ಶೆಡ್ಡಿನ ಕೆಳಗೆ. ಪ್ರವೇಶ ಉಚಿತ, ಆದರೆ ಪರ್ಸ್ ಉಳಿಯುವುದಿಲ್ಲ. ಒಂದು ಬ್ರೆಡ್ಡು, ಒಂದು ಕಟ್ಟು ಸೊಪ್ಪು, ಸ್ವಲ್ಪ ಅಣಬೆ, ಎಲ್ಲರಿಗೂ ಕಾಫಿ. ಮನೆಗೆ ಬಂದು ಲೆಕ್ಕ ಹಾಕಿದರೆ ವಾರದ ತರಕಾರಿ ದುಡ್ಡು. ನಮ್ಮವರು ಇವತ್ತಿಗೂ ಹಂಗಿಸುತ್ತಾರೆ. ಆದರೂ ನಾನು ಹೋಗುತ್ತೇನೆ. ಬೆಳೆದವರ ಕೈಯಿಂದಲೇ ಕೊಂಡು, ಮಳೆ ಹೇಗಾಯಿತು ಅಂತ ಕೇಳಿಕೊಂಡು ಬರುವುದು ನನಗೆ ಬೇಕು. ನಮ್ಮಪ್ಪ ರೈತರು.

ಹುಬ್ಬಳ್ಳಿಯವ, ಲಿವರ್‌ಪೂಲ್: ಬೇಸರದಿಂದ ಬರೆಯುತ್ತಿದ್ದೇನೆ. ಪಾರ್ಕಿಂಗು, ಕಾಫಿ, ಅಣಬೆ. ಅದು ಯಾರ ಜಾಗ ಅಂತ ಒಬ್ಬರೂ ಹೇಳಲಿಲ್ಲ. ನಮ್ಮ ತಂದೆ ಹುಬ್ಬಳ್ಳಿ ಗದಗ ರೋಡಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಎವೆಲೀ ಕಾರ್ಖಾನೆ ಎದ್ದದ್ದು 1880ರ ದಶಕದಲ್ಲಿ. ಅಲ್ಲಿ ಬೋಗಿ ಕಟ್ಟಿದರು, ರಿಪೇರಿ ಮಾಡಿದರು. ಸಿಡ್ನಿಯ ಮೂಲನಿವಾಸಿಗಳಲ್ಲಿ ಎಷ್ಟೋ ಜನಕ್ಕೆ ಅಲ್ಲೇ ಅನ್ನ. ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಕಾರ್ಡಿನಲ್ಲಿ ಬರೆಯುವ ಪದ್ಧತಿ ತಂದಾಗ, 1917ರ ಆಗಸ್ಟ್ 2ರಂದು ಇಲ್ಲಿನವರು ಕೆಲಸ ಬಿಟ್ಟು ಹೊರಗೆ ಬಂದರು. ಅದು ದೊಡ್ಡ ಮುಷ್ಕರವಾಗಿ ಹಬ್ಬಿತು. ಸೋತ ಮೇಲೆ ಎಷ್ಟೋ ಜನರ ಸರ್ವಿಸ್ ಹೋಯಿತು. ಬ್ಯಾಥರ್ಸ್ಟ್‌ನ ಎಂಜಿನ್ ಚಾಲಕ ಬೆನ್ ಚಿಫ್ಲಿಯೂ ಅದರಲ್ಲಿ ಪೆಟ್ಟು ತಿಂದವರು, ಮುಂದೆ ದೇಶದ ಪ್ರಧಾನಿಯಾದರು. ಆ ನೆಲದಲ್ಲಿ ಇಂದಿಗೂ ಹಳಿ ಇದೆ. ಅದರ ಮೇಲೆ ಫ್ಯಾಷನ್ ಶೋ ಮಾಡಿದರು. ನನಗೆ ಹೊಟ್ಟೆ ಉರಿಯುತ್ತದೆ.

ನ್ಯೂಟೌನ್: ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ 1980ರ ದಶಕದ ಕೊನೆಗೆ ಕಾರ್ಖಾನೆ ಮುಚ್ಚಿದ ಮೇಲೆ ಆ ಕಟ್ಟಡವನ್ನು ಯಾರು ಉಳಿಸುತ್ತಿದ್ದರು? 2007ರಲ್ಲಿ ಕಲಾ ಕೇಂದ್ರವಾಗಿ ಬಾಗಿಲು ತೆರೆಯಿತು, ಅದಕ್ಕೇ ಎರಕದ ಕಂಬಗಳು ಇವತ್ತೂ ನಿಂತಿವೆ. ಮುಷ್ಕರಕ್ಕೆ ನೂರು ವರ್ಷವಾದಾಗ, 2017ರಲ್ಲಿ, ಅದೇ ಕಟ್ಟಡದಲ್ಲಿ ಅದರ ಬಗ್ಗೆ ಪ್ರದರ್ಶನ ಇಟ್ಟಿದ್ದರು. ಮರೆತಿಲ್ಲ ಅವರು. 2020ರಲ್ಲಿ ಕೋವಿಡ್‌ನಿಂದ ವರಮಾನ ನಿಂತು ಕೇಂದ್ರವೇ ಮುಚ್ಚುವ ಹಂತಕ್ಕೆ ಬಂದಿತ್ತು. ಬಾಡಿಗೆ ಕೊಡುವ ಫ್ಯಾಷನ್ನು, ಸಂತೆ ಬೇಡ ಅಂದರೆ ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು? ನಾನು ಮೇ ತಿಂಗಳಲ್ಲಿ ಸಾಹಿತ್ಯೋತ್ಸವಕ್ಕೆ ಅಲ್ಲಿಗೇ ಹೋಗುವವಳು. 2018ರಲ್ಲಿ ಉತ್ಸವ ವಾಲ್ಶ್ ಬೇಯಿಂದ ಅಲ್ಲಿಗೆ ಬಂತು. ಲೇಖಕರ ಮಾತು ಕೇಳಿ ಹೊರಗೆ ಬಂದಾಗ ಪಕ್ಕದಲ್ಲೇ ರೈಲು ಹೋಗುತ್ತದೆ. ಅಂಥ ಜಾಗ ಸಿಡ್ನಿಯಲ್ಲಿ ನನಗೆ ಇನ್ನೊಂದಿಲ್ಲ.

ಹುಬ್ಬಳ್ಳಿಯವ, ಲಿವರ್‌ಪೂಲ್: ಒಂದು ಪ್ರದರ್ಶನ ಇಟ್ಟರೆ ಬಾಕಿ ತೀರಿತಾ ಅಕ್ಕಾ? ಗ್ರೀಸ್ ಹತ್ತಿದ ಕೈ ನೀವು ಮನೆಯಲ್ಲಿ ನೋಡಿಲ್ಲ.

ನ್ಯೂಟೌನ್: ನಾನು ಏನು ನೋಡಿದ್ದೇನೆ ಅಂತ ನಿಮಗೇನು ಗೊತ್ತು? ನಮ್ಮ ಮಾವ ಮಿಲ್ಲಿನಲ್ಲಿ ದುಡಿದವರು. ಆ ಮಿಲ್ಲು ನೆಲಸಮವಾಯಿತು, ಒಂದು ಇಟ್ಟಿಗೆಯೂ ಉಳಿಯಲಿಲ್ಲ. ಇಲ್ಲಿ ಗೋಡೆಯಾದರೂ ಇದೆ.

ವೆಸ್ಟ್‌ಮೀಡ್: ಎಲ್ಲರಿಗೂ ಧನ್ಯವಾದ. ಅಮ್ಮನ ಮಂಡಿ ಬಗ್ಗೆ ಯಾರಾದರೂ ಹೇಳಿ.

ಹೋಂಬುಷ್: ನನ್ನ ಅಜ್ಜಿಗೂ ಇದೇ ತೊಂದರೆ. ರೆಡ್‌ಫರ್ನ್‌ನಲ್ಲಿ 2023ರಲ್ಲಿ ದಕ್ಷಿಣ ಬದಿಗೆ ಹೊಸ ಸೇತುವೆ ಆಗಿದೆ. ಒಂದರಿಂದ ಹತ್ತರವರೆಗಿನ ಪ್ಲಾಟ್‌ಫಾರ್ಮಿಗೆ ಲಿಫ್ಟ್ ಇದೆ. ಲಿಟಲ್ ಎವೆಲೀ ಸ್ಟ್ರೀಟ್ ಕಡೆ ಇಳಿದು ವಿಲ್ಸನ್ ಸ್ಟ್ರೀಟ್ ಹಿಡಿದರೆ ನಿಧಾನ ನಡೆದರೂ ಹದಿನೈದು ನಿಮಿಷ. ಒಳಗಿನ ದೊಡ್ಡ ಹಜಾರ ಸಮತಟ್ಟು. ಚಳಿಗಾಲದಲ್ಲಿ ಶೆಡ್ಡು ಕೊರೆಯುತ್ತದೆ, ಶಾಲು, ಸ್ವೆಟರ್ ಇರಲಿ. ಬೇರೇನೂ ನೋಡದಿದ್ದರೆ ಸಂತೆ ಸೇರಿ ಅರ್ಧ ದಿನ ಜಾಸ್ತಿಯೇ. ಅಮ್ಮನಿಗೆ ಆಯಾಸವಿಲ್ಲದಿದ್ದರೆ ಅದೇ ಸೇತುವೆಯಿಂದ ಹಳಿಯ ಆಚೆ ಬದಿಗೆ ಹೋಗಿ. ಎಂಜಿನ್ ವರ್ಕ್‌ಶಾಪ್ ಅಲ್ಲಿದೆ. 1,500 ಟನ್ ಬಲದಲ್ಲಿ ಕಬ್ಬಿಣ ಒತ್ತುವ ಡೇವಿ ಪ್ರೆಸ್ ಯಂತ್ರ, ಕಮ್ಮಾರರ ಕುಲುಮೆ ಎಲ್ಲಾ ಇಟ್ಟಿದ್ದಾರೆ. ಲಿವರ್‌ಪೂಲ್ ಸರ್, ನೀವು ಅಲ್ಲಿಗೂ ಹೋಗಿದ್ದೀರಾ?

ಹುಬ್ಬಳ್ಳಿಯವ, ಲಿವರ್‌ಪೂಲ್: ಹೋಗಿದ್ದೇನೆ. ಆ ಪ್ರೆಸ್ಸಿನ ಮುಂದೆ ತುಂಬ ಹೊತ್ತು ನಿಂತಿದ್ದೆ. ಅದೇ ಕಟ್ಟಡದಲ್ಲಿ ಸೂಪರ್‌ಮಾರ್ಕೆಟ್ಟೂ ಇದೆ, ಅದನ್ನೂ ಹೇಳಿ.

ಮೈಸೂರು, ಈಗ ಕ್ಯಾಸಲ್ ಹಿಲ್: ನಮ್ಮ ಮೈಸೂರಿನಲ್ಲಿ ರೈಲಿನ ಹಳೇ ನೆನಪು ಉಳಿಸುವುದನ್ನು ಚೆನ್ನಾಗಿ ಮಾಡಿದ್ದಾರೆ. 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಮಹಾರಾಣಿಯ ಸಲೂನ್ ಬೋಗಿ ನೋಡಲೇಬೇಕು. ಹುಬ್ಬಳ್ಳಿಗೆ ಮ್ಯೂಸಿಯಂ ಬಂದದ್ದೇ 2020ರಲ್ಲಿ.

ಹುಬ್ಬಳ್ಳಿಯವ, ಲಿವರ್‌ಪೂಲ್: ಮಹಾರಾಣಿ ಕೂತ ಬೋಗಿ ಎಲ್ಲರಿಗೂ ಗೊತ್ತು. ಅದರ ಚಕ್ರ ಬಿಗಿದವರ ಹೆಸರು ಗೊತ್ತಾ? ಅಶೋಕಪುರಂ ವರ್ಕ್‌ಶಾಪಿನಲ್ಲಿ ನಿಮ್ಮ ಮನೆಯವರು ಯಾರಾದರೂ ದುಡಿದಿದ್ದರೆ ಅದನ್ನು ಬರೆಯಿರಿ, ಓದುತ್ತೇನೆ. ಯಾವ ಊರು ಮೊದಲು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ.

ಬ್ಲ್ಯಾಕ್‌ಟೌನ್: ವೆಸ್ಟ್‌ಮೀಡ್ ಅವರೇ, ಕೊನೆಗೆ ಕಾರಿನಲ್ಲೇ ಹೋದರೆ ಬೋರ್ಡಿನ ಫೋಟೋ ಗಂಟೆ ಸಮೇತ ತೆಗೆದಿಟ್ಟುಕೊಳ್ಳಿ.