ಜುಲೈ 31ರ ರಾತ್ರಿ ಎಲ್ಲಿ ಮಲಗುವುದು?

ಅಪ್ಪ: (ಚಿತ್ರ: ಬಾಡಿಗೆ ಕರಾರಿನ ಮೊದಲ ಪುಟ) ಮಗನಿಗೆ ಏಮ್ಸ್‌ನಲ್ಲಿ ಮನೆಯಾಯಿತು. ನಾಲ್ಕು ಕೋಣೆ, ನಾಲ್ವರು ಹುಡುಗರು, ಒಟ್ಟು 1,800 ಡಾಲರ್. ತಲೆಗೆ 450.

ದೊಡ್ಡಮ್ಮ: ಏಮ್ಸ್ ಎಂದರೆ ಆಸ್ಪತ್ರೆಯಲ್ಲವೇ? ರಾಯಚೂರಿನವರು ಅಷ್ಟು ಹೋರಾಡಿದರೂ ಸಿಗಲಿಲ್ಲ, ಇವನಿಗೆ ಸಿಕ್ಕಿತೇ?

ನಾನು: ಅದಲ್ಲ ದೊಡ್ಡಮ್ಮ, ಇದು ಅಮೆರಿಕದ ಅಯೋವಾ ರಾಜ್ಯದ ಊರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ.

ದೊಡ್ಡಪ್ಪ: ಮೇಲೆ ಲೀಸ್ ಎಂದು ಬರೆದಿದೆ. ಲೀಸ್ ಎಂದ ಮೇಲೆ ತಿಂಗಳ ಬಾಡಿಗೆ ಏಕೆ? ರಾಜಾಜಿನಗರದಲ್ಲಿ ನಾವು ಮೂರು ವರ್ಷ ಲೀಸಿಗಿದ್ದೆವು. ಇಡುಗಂಟು ಕೊಟ್ಟೆವು, ಬಿಡುವಾಗ ಎಣಿಸಿ ವಾಪಸ್ ತಂದೆವು. ಹುಡುಗ ಮೋಸ ಹೋಗಿದ್ದಾನೆ.

ವಿದ್ಯಾ ಅಕ್ಕ: ದೊಡ್ಡಮಾವ, ನೀವು ಹೇಳುತ್ತಿರುವುದು ಭೋಗ್ಯ. ಅಲ್ಲಿ ಲೀಸ್ ಎಂದರೆ ಬರೀ ಬಾಡಿಗೆ ಕರಾರು. ಇಲ್ಲಿಯ 11 ತಿಂಗಳ ಕರಾರಿನಂತೆಯೇ, ಆದರೆ ಬೇಡವೆನಿಸಿದಾಗ ಎದ್ದು ಬರುವ ಹಾಗಿಲ್ಲ. ಆಗಸ್ಟ್ 1ರಿಂದ ಜುಲೈ 31, ಹನ್ನೆರಡು ತಿಂಗಳೂ ಕಟ್ಟಬೇಕು. ಪಾಠ ನಡೆಯುವುದು ಒಂಬತ್ತೇ ತಿಂಗಳು. ಬೇಸಿಗೆಯಲ್ಲಿ ಅರ್ಧ ಊರೇ ಖಾಲಿ; ಕೋಣೆಯನ್ನು ಇನ್ನೊಬ್ಬರಿಗೆ ದಾಟಿಸೋಣವೆಂದರೆ ಅರ್ಧ ಬೆಲೆಗೂ ಗಿರಾಕಿ ಇರುವುದಿಲ್ಲ.

ಅಪ್ಪ: ಮುಂಗಡ ಒಂದೇ ತಿಂಗಳದು ವಿದ್ಯಾ. ಬೆಂಗಳೂರಿನಲ್ಲಿ ನಿನ್ನ ಅಮ್ಮ ಹತ್ತು ತಿಂಗಳದ್ದು ಕೊಟ್ಟಿದ್ದಳು.

ವಿದ್ಯಾ ಅಕ್ಕ: ಮುಂಗಡದಲ್ಲಿ ಅಯೋವಾ ಎಷ್ಟೋ ವಾಸಿ ಮಾವ. ಎರಡು ತಿಂಗಳಿಗಿಂತ ಹೆಚ್ಚು ಕೇಳಲು ಕಾನೂನೇ ಬಿಡುವುದಿಲ್ಲ. ಮನೆ ಬಿಟ್ಟು ಹೊಸ ವಿಳಾಸ ಕೊಟ್ಟ ಮೇಲೆ 30 ದಿನದೊಳಗೆ ಹಣ ಬರಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದರೆಂದು ಬರೆದು ಕಳುಹಿಸಬೇಕು. ಪೇಂಟಿಂಗ್ ಎಂದು ಹೇಳಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ನಮ್ಮ ಪದ್ಧತಿ ಅಲ್ಲಿಲ್ಲ. ನನ್ನ ತಕರಾರು ಬೇರೆ. ಎರಡನೆಯ ಪುಟ ಹಾಕಿ.

ದೊಡ್ಡಪ್ಪ: ಇವಳಿಗೆ ಯಾವುದರಲ್ಲೂ ತಕರಾರೇ. ಚಿಕ್ಕ ಊರು, ಸುತ್ತ ಜೋಳದ ಹೊಲ, ವಿದ್ಯಾರ್ಥಿ ಚೀಟಿ ತೋರಿಸಿದರೆ ಬಸ್ ಹತ್ತಬಹುದಂತೆ. ಇನ್ನೇನು ಬೇಕು?

ವಿದ್ಯಾ ಅಕ್ಕ: ಬಸ್ ನಿಜಕ್ಕೂ ಚೆನ್ನಾಗಿದೆ, ಸೈರೈಡ್ ಎಂದು ಹೆಸರು. ಆದರೆ ಬಸ್ಸಿನಲ್ಲಿ ಮಲಗಲಾಗುವುದಿಲ್ಲವಲ್ಲ. ನಾನು ಅಲ್ಲಿ ಓದುತ್ತಿದ್ದಾಗ ಹಳೆಯ ಮನೆಯ ಕರಾರು ಜುಲೈ 31ರ ಮಧ್ಯಾಹ್ನ ಮುಗಿಯಿತು. ಹೊಸ ಮನೆಯ ಬೀಗದ ಕೈ ಸಿಗುವುದು ಮರುದಿನ ಮಧ್ಯಾಹ್ನ. ನನ್ನೊಬ್ಬಳ ಕಥೆಯಲ್ಲ, ಊರಿನಲ್ಲಿ ಅದೇ ರೂಢಿ. ಬೀದಿಯುದ್ದಕ್ಕೂ ಮನೆ ಬಿಟ್ಟವರು ಎಸೆದ ಸೋಫಾ, ಮಂಚ, ಕೋಣೆಯ ದೀಪ. ಎಸೆಯುವುದು ವಿಪರೀತವಾಗಿ ನಗರಾಡಳಿತವೇ ಪಾರ್ಕಿಂಗ್ ಕಟ್ಟಡದಲ್ಲಿ ರಮೇಜ್ ರಾಂಪೇಜ್ ಎಂಬ ಹಳೆಯ ಸಾಮಾನಿನ ಸಂತೆ ಶುರುಮಾಡಿತು. ಆ ರಾತ್ರಿ ನಾವು ಮೂವರು ಗೆಳತಿಯ ಕಾರಿನಲ್ಲಿ ಮಲಗಿದೆವು. ಕಿಟಕಿ ಏರಿಸಿದರೆ ಉಸಿರುಗಟ್ಟುತ್ತದೆ, ಇಳಿಸಿದರೆ ಸೊಳ್ಳೆ. ಅಮ್ಮ ಕೊಟ್ಟಿದ್ದ ಐದು ಲೀಟರಿನ ಕುಕ್ಕರ್‌ಗೆ ಡಿಕ್ಕಿಯಲ್ಲಿ ಜಾಗವಿರಲಿಲ್ಲ. ಒಳಗೆ ಸಾರಿನ ಪುಡಿ ತುಂಬಿಸಿ ಬೆಳಗಿನವರೆಗೆ ತೊಡೆಯ ಮೇಲಿಟ್ಟುಕೊಂಡಿದ್ದೆ.

ದೊಡ್ಡಮ್ಮ: ಅಯ್ಯೋ ಶಿವನೇ. ಹೇಳಲೇ ಇಲ್ಲವಲ್ಲೇ ನೀನು.

ಅಪ್ಪ: ಇವನು ಮನೆ ಬದಲಿಸದಿದ್ದರಾಯಿತು.

ವಿದ್ಯಾ ಅಕ್ಕ: ಮುಂದಿನ ವರ್ಷವೂ ಇರುತ್ತೀರಾ ಎಂದು ದೀಪಾವಳಿಯ ಹೊತ್ತಿಗೇ ಕೇಳಲು ಶುರುಮಾಡುತ್ತಾರೆ. ಅಷ್ಟರಲ್ಲಿ ಇವನಿಗೆ ಕೈಗವಸು ಹಾಕಿಕೊಳ್ಳುವುದೂ ಅಭ್ಯಾಸವಾಗಿರುವುದಿಲ್ಲ.

ಅಪ್ಪ: (ಚಿತ್ರ: ಎರಡನೆಯ ಪುಟ) ಇದೋ, ನೋಡು.

ವಿದ್ಯಾ ಅಕ್ಕ: ನಾನು ಹೆದರಿದ್ದು ಇದಕ್ಕೇ. ನಾಲ್ಕನೆಯ ಸಾಲು ಓದಿ. ಜಂಟಿ ಕರಾರು, ಜಂಟಿಯಾಗಿಯೂ ಬಿಡಿಬಿಡಿಯಾಗಿಯೂ ಹೊಣೆ ಎಂದಿದೆ. 450 ಎನ್ನುವುದು ಹುಡುಗರು ತಮ್ಮೊಳಗೆ ಹಂಚಿಕೊಂಡ ಲೆಕ್ಕ. ಮನೆಯೊಡೆಯನಿಗೆ ಪ್ರತಿ ತಿಂಗಳೂ 1,800 ಸೇರಬೇಕು. ಒಬ್ಬ ಕೈಕೊಟ್ಟರೆ ಉಳಿದವರು ತುಂಬಬೇಕು. ಕೋಣೆಗೊಂದು ಕರಾರು ಕೊಡುವ ಕಟ್ಟಡಗಳೂ ಅಲ್ಲಿವೆ. ಬಾಡಿಗೆ ಸ್ವಲ್ಪ ಜಾಸ್ತಿ, ಆದರೆ ಇನ್ನೊಬ್ಬರ ಪಾಲು ನಮ್ಮ ತಲೆಗೆ ಬರುವುದಿಲ್ಲ.

ದೊಡ್ಡಪ್ಪ: ಒಳ್ಳೆಯ ಮನೆತನದ ಹುಡುಗರು. ಯಾರೂ ಕೈಕೊಡುವವರಲ್ಲ. ಸುಮ್ಮನೆ ಹೆದರಿಸಬೇಡ.

ವಿದ್ಯಾ ಅಕ್ಕ: ಸಹಿ ಹಾಕಿಲ್ಲ ತಾನೇ?

ಅಪ್ಪ: ನಿನ್ನೆ ರಾತ್ರಿಯೇ ಹಾಕಿ ಕಳುಹಿಸಿದ.

ನಾನು: ಅಕ್ಕ, ಈಗಷ್ಟೇ ಸಂದೇಶ ಬಂತು. ನಾಲ್ವರಲ್ಲಿ ಹುಬ್ಬಳ್ಳಿಯವನಿಗೆ ವೀಸಾ ನಿರಾಕರಿಸಿದರಂತೆ.

ದೊಡ್ಡಮ್ಮ: ಪಾಪ, ಯಾರ ಮಗನೋ.

ದೊಡ್ಡಪ್ಪ: ಹಾಗಾದರೆ ತಲೆಗೆ 600.