ಅಜ್ಜಿಮನೆ ಗುಂಪಿನಲ್ಲಿ ಮಾವನ ಬಿಲ್ಲುಗಾರ

ಮಾವ: (ಫೋಟೊ) ಟರ್ಕಿಯ ಸಾರ್ಡಿಸ್ ನೋಡಿ ಬಂದೆವು. ಹಾಳುಗೋಡೆ ಪಕ್ಕ ಒಬ್ಬ ಕೊಟ್ಟ. ಪರ್ಷಿಯಾದ ದೊರೆ ದರಿಯಸ್ ಕಾಲದ ಬೆಳ್ಳಿ ನಾಣ್ಯ. 2,500 ವರ್ಷ ಹಳೆಯದು!

ಚಿಕ್ಕಮ್ಮ: ಅಣ್ಣಾ, ಹುಣಸೆ ಬೀಜದ ಹಾಗಿದೆ. ದೊರೆಗೆ ಅರ್ಧ ತಲೆ ಇಲ್ಲ, ಹೆಸರಿಲ್ಲ, ಹಿಂದೆ ಬರೀ ಗುಳಿ. ನಿನಗೆ ಟೋಪಿ ಹಾಕಿದ್ದಾನೆ.

ನಾನು: ಚಿಕ್ಕಮ್ಮ, ಸಿಗ್ಲೋಸ್ ಅನ್ನುವ ಈ ಪರ್ಷಿಯಾ ಬೆಳ್ಳಿ ನಾಣ್ಯ ಇರುವುದೇ ಹಾಗೆ. ಅಕ್ಷರ ಇರುವುದಿಲ್ಲ. ಮುಂದೆ ಬಿಲ್ಲು, ಈಟಿ ಹಿಡಿದು ಮಂಡಿ ಬಗ್ಗಿಸಿ ಓಡುವ ದೊರೆ. ಹಿಂದೆ ಉದ್ದನೆಯ ಗುಳಿ. ಬೆಳ್ಳಿ ತುಂಡನ್ನು ಸುತ್ತಿಗೆಯಲ್ಲಿ ಬಡಿಯುತ್ತಿದ್ದರು, ತಲೆ ಹೊರಗೆ ಹೋಗುವುದು ಮಾಮೂಲು.

ಮಾವ: ನೋಡಿದೆಯಾ!

ಅಕ್ಕ: ಪರ್ಷಿಯಾ ನಾಣ್ಯ ಟರ್ಕಿಯಲ್ಲಿ ಯಾಕಿದೆ?

ನಾನು: ಅಲ್ಲೇ ಇರಬೇಕಾದ್ದು. ಸಾರ್ಡಿಸ್ ಲಿಡಿಯಾ ಅನ್ನುವ ಹಳೆಯ ರಾಜ್ಯದ ರಾಜಧಾನಿ. ನಾಣ್ಯ ಹೊಡೆಯುವ ರೂಢಿ ಅಲ್ಲಿ ಮೊದಲೇ ಇತ್ತು. ಪರ್ಷಿಯಾದ ದೊರೆ ಸೈರಸ್ ಊರು ಗೆದ್ದ ಮೇಲೆ ಪರ್ಷಿಯನ್ನರು ಅದನ್ನೇ ಮುಂದುವರಿಸಿದರು. ಇಂಥವು 20 ಸೇರಿದರೆ ಒಂದು ಚಿನ್ನದ ಡರಿಕ್. ಅದರ ಮೇಲೂ ಇದೇ ಬಿಲ್ಲುಗಾರ. ಗ್ರೀಸಿನ ಸ್ಪಾರ್ಟಾದ ದೊರೆ ಅಗೆಸಿಲಾಸ್, ಸಾವಿರಾರು ಬಿಲ್ಲುಗಾರರು ನನ್ನನ್ನು ಏಷ್ಯಾದಿಂದ ಓಡಿಸಿದರು ಅಂದಿದ್ದನಂತೆ. ಅವನ ವಿರುದ್ಧ ಪರ್ಷಿಯನ್ನರು ಹಂಚಿದ ಲಂಚದ ದುಡ್ಡಿನ ಮೇಲಿದ್ದ ಬಿಲ್ಲುಗಾರರು!

ಚಿಕ್ಕಮ್ಮ: ಕಥೆ ಚೆನ್ನಾಗಿದೆ. ಇದು ಅಸಲಿಯಾ?

ನಾನು: ಮಾವ, ಅಂಚಿನ ಫೋಟೊ ಹಾಕಿ. ತೂಕ ಐದೂವರೆ ಗ್ರಾಂ ಆಸುಪಾಸು ಬರಬೇಕು.

ಮಾವ: (ಫೋಟೊ) ಚಿನ್ನದಂಗಡಿಯಲ್ಲಿ ತೂಗಿಸಿದೆ. 4.1. ಸವೆದಿದೆ ಮಾರಾಯ.

ನಾನು: ಅಷ್ಟು ಸವೆದರೆ ದೊರೆಯ ಗಡ್ಡ ಇಷ್ಟು ಚೂಪಾಗಿ ಉಳಿಯುತ್ತಾ? ಅಂಚಿನ ಸುತ್ತ ಗೆರೆ ಬೇರೆ ಇದೆ. ಬಡಿದ ನಾಣ್ಯಕ್ಕೆ ಅದು ಬರುವುದಿಲ್ಲ. ಎರಡು ಅಚ್ಚು ಕೂಡಿಸಿ ಎರಕ ಹೊಯ್ದಿದ್ದಾರೆ.

ಮಾವ: ಫೋಟೊ ನೋಡಿ ಎಲ್ಲ ಹೇಳಕ್ಕಾಗಲ್ಲ. ಇದು ಅಸಲಿ. ಬರೆದಿಟ್ಟುಕೋ.

ಅಕ್ಕ: ಮಾವ, ಬರೆಯುವುದು ಬೇಡ! ಅಸಲಿ ಆದರೆ ಇನ್ನೂ ಕಷ್ಟ. ಟರ್ಕಿಯಿಂದ ಹಳೆ ನಾಣ್ಯ ಹೊರಗೆ ಒಯ್ಯುವುದು ಅಪರಾಧ. ಬಿಲ್ಲು ಇದೆಯಾ?

ಮಾವ: ದೊರೆ ಕೈಯಲ್ಲೇ ಇದೆಯಲ್ಲ.

ಅಕ್ಕ: ಅಂಗಡಿ ಬಿಲ್ಲು ಮಾವ!

ಅತ್ತೆ: ಬಿಲ್ಲೂ ಇಲ್ಲ, ಬಾಣವೂ ಇಲ್ಲ. 80 ಯೂರೋ ಕೊಟ್ಟಿದ್ದಾರೆ. ನನ್ನ ಬ್ಯಾಗಿನಲ್ಲಿ ಇಡು ಅಂತಾರೆ, ನಾನು ಇಟ್ಟುಕೊಳ್ಳಲ್ಲ.

ಮಾವ: ಏರ್‌ಪೋರ್ಟಿನಲ್ಲಿ ಕೇಳಿದರೆ ನಕಲಿ ಅಂತ ಹೇಳಿದರಾಯಿತು.

ಚಿಕ್ಕಮ್ಮ: ಈಗ ನಕಲಿಯಾಯ್ತಾ ಅಣ್ಣಾ? 😂

ಅಕ್ಕ: ಪೊಲೀಸರು ಅದನ್ನು ಮ್ಯೂಸಿಯಂನವರಿಗೆ ತೋರಿಸಿ ತಿಳಿದುಕೊಳ್ಳುವವರೆಗೆ ವಿಮಾನ ಕಾಯಲ್ಲ. ಅಲ್ಲೇ ಮ್ಯೂಸಿಯಂಗೆ ಕೊಟ್ಟು ಬನ್ನಿ.

ಮಾವ: ಸುಮ್ನೆ ಹೆದರಿಸಬೇಡಿ. ನಾಳೆ ಬೆಳಗ್ಗೆ ಯೋಚನೆ ಮಾಡ್ತೀನಿ.

ಅತ್ತೆ: ಈಗ ಕಾಲುಚೀಲದೊಳಗೆ ತುರುಕುತ್ತಿದ್ದಾರೆ. ಯಾರಾದರೂ ಫೋನ್ ಮಾಡಿ.